ಕಲ್ ಅಂದ್ರೆ ಯಾವತ್ತು?

ಐವತ್ನಾಲ್ಕು ವರ್ಷದವರೆಗೆ ನಾನು ಮನಸ್ಸಿಟ್ಟು ಓದಿದ್ದು ಕರೆಂಟ್ ಮೀಟರ್ ಮಾತ್ರ. ಶಿವಾಜಿನಗರದ ಆ ಹಳೇ ಪುಸ್ತಕದಂಗಡಿಗೂ ಒಂದು ಶನಿವಾರ ಮೀಟರ್ ನೋಡೋಕೇ ಹೋಗಿದ್ದೆ. ಅಡ್ಡ ಇದ್ದ ಪುಸ್ತಕಗಳನ್ನ ಸರಿಸುವಾಗ ಅವುಗಳಲ್ಲೊಂದು ಕೈಗೆ ಬಂತು. ಬಹುಮಾನ ಪಡೆದ ವಿಜ್ಞಾನ ಕಾದಂಬರಿಯಂತೆ. ಸುಮ್ಮನೆ ಕೊಂಡೆ. ಭಾನುವಾರ ಬೆಳಗ್ಗೆ ಹಿಡಿದವನು ಊಟಕ್ಕೂ ಏಳಲಿಲ್ಲ. ಕೊನೇ ಪುಟದಲ್ಲಿ ನಾಯಕ ಹಿಂದಿನ ಕಾಲಕ್ಕೆ ಹೋಗಿ ಸಿಕ್ಕಿಹಾಕಿಕೊಂಡ. ಕೆಳಗೆ ನೋಡಿದರೆ, ‘ಮೊದಲ ಭಾಗ ಮುಗಿಯಿತು’!

ಸಂಜೆಯೇ ಅಂಗಡಿಗೆ ಓಡಿದೆ. “ಭಾಯ್, ಇದರ ಎರಡನೇ ಭಾಗ?”

ಗಿರಾಕಿಗಳ ಗಲಾಟೆಯಲ್ಲಿ ಅವರು ತಲೆ ಎತ್ತದೆ, “ಕಲ್” ಅಂದರು.

ಆ ಬೀದಿಗಳಲ್ಲಿ ಮೀಟರ್ ನೋಡೋಕೆ ಹೋದರೆ ಬಾಗಿಲು ತೆರೆಯದೇ “ಕಲ್ ಆವೋ” ಅನ್ನೋದನ್ನ ದಿನಾ ಕೇಳೋನು ನಾನು. ನಾಳೆ ಅಂತ ಅರ್ಥ. ಸರಿ, ಮರುದಿನ ಹೋದೆ. ನನ್ನದೇ ವಯಸ್ಸಿನ ಹೆಂಗಸೊಬ್ಬರು ಆಗಲೇ ಜಗಳಕ್ಕೆ ನಿಂತಿದ್ದರು.

“ನಿನ್ನೆ ಕೇಳಿದ್ದಕ್ಕೆ ಕಲ್ ಅಂದ್ರಿ. ಬಂದಿದೀನಿ. ಮೊದಲನೇ ಭಾಗ ಎಲ್ರೀ?”

“ಅಯ್ಯೋ ಮೇಡಂ, ನಮ್ಮ ಉರ್ದೂಲಿ ನಿನ್ನೇನೂ ಕಲ್, ನಾಳೇನೂ ಕಲ್. ಹಿಂದಿನ ದಿನ, ಶನಿವಾರವೇ ಹೋಯ್ತು ಅಂತ ನಾನು ಹೇಳಿದ್ದು! ಒಂದನ್ನ ಈ ಮೀಟರ್ ಸಾರ್ ತಗೊಂಡ್ರು, ಇನ್ನೊಂದನ್ನ ನೀವು.”

ಆಕೆ ನನ್ನ ಕೈಲಿದ್ದ ಪುಸ್ತಕ ನೋಡಿದರು. ನಾನು ಅವರ ಕಂಕುಳಲ್ಲಿದ್ದದ್ದು ನೋಡಿದೆ. ಅಲ್ಲೇ ಅದಲುಬದಲು ಮಾಡಿಕೊಂಡೆವು.

“ನನ್ನದು ಯಾವಾಗ ವಾಪಸ್ ಕೊಡ್ತೀರಿ?” ಅಂದರು.

“ಕಲ್.”

“ಬರೋ ಕಲ್ ತಾನೇ?” ಅಂದರು ಆಕೆ, ನಗದೆ.