ಮುಳ್ಳು ಮುಚ್ಚಿದ ಬಾವಿ

ರಾಯಚೂರಿನ ಬೀದಿಯಲ್ಲಿ ಕೋಳಿ ತುಂಬಿದ ಗಾಡಿ ಪಕ್ಕದಲ್ಲೇ ಹಾದುಹೋದರೆ ನಾನು ನಿಂತುಬಿಡುತ್ತೇನೆ. ತೊಯ್ದ ಹಿಕ್ಕೆಯ ಆ ಖಾರವಾದ ವಾಸನೆ ಮೂಗಿಗಿಂತ ಮೊದಲು ಕಣ್ಣಿಗೆ ತಾಗುತ್ತದೆ. ಜೊತೆಗಿದ್ದವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಮುಂದೆ ನಡೆಯುತ್ತಾರೆ. ನಾನು ಮಾತ್ರ ಪೋತ್ನಾಳದ ಆಚೆಗಿನ ನಮ್ಮ ಹಳ್ಳಿಗೆ, ಊರ ಕೊನೆಯ ಮನೆಗೆ, ದುರುಗಮ್ಮತ್ತೆಯ ಬಳಿಗೆ ಹೋಗಿಬಿಟ್ಟಿರುತ್ತೇನೆ.

ಅತ್ತೆ ನನ್ನ ಅಪ್ಪನ ಅಕ್ಕ. ಅವ್ವ ಅಪ್ಪ ಇಬ್ಬರೂ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಅಂಗಳದ ಬಾವಿಯನ್ನು ಅವಳೂ ಅವಳ ಗಂಡನೂ ಸೇರಿ ತೋಡಿದ್ದರಂತೆ. ಸುತ್ತಲಿನ ಬಾವಿಗಳೆಲ್ಲ ಸವಳು, ಇದೊಂದೇ ಸಿಹಿ. ಬೆಳಗಾದರೆ ಓಣಿಯ ಹೆಂಗಸರೆಲ್ಲ ನಮ್ಮಲ್ಲಿ. ಕೊಡ ತುಂಬಿದ ಮೇಲೂ ಅತ್ತೆ ಮಾತಿಗೆ ಕೂರಿಸಿಕೊಳ್ಳುವಳು, ಯಾರೂ ಏಳುತ್ತಿರಲಿಲ್ಲ. ಗಂಡನಿಲ್ಲದ, ಮಕ್ಕಳಿಲ್ಲದ ಅತ್ತೆಗೆ ಆ ಮಾತುಗಳೇ ಸಂಸಾರ.

ಎಂಬತ್ತರ ದಶಕದಲ್ಲಿ ಪಟ್ಟಣದ ಸಾಹುಕಾರನೊಬ್ಬ ನಮ್ಮ ಹಿತ್ತಲ ಮೇಲಿನ ದಿಬ್ಬದಲ್ಲಿ ಉದ್ದನೆಯ ತಗಡಿನ ಶೆಡ್ಡುಗಳನ್ನು ಹಾಕಿಸಿ ಕೋಳಿ ಫಾರಂ ಮಾಡಿದ. ಅತ್ತೆಗೆ ಅಲ್ಲೇ ಕೆಲಸ ಸಿಕ್ಕಿತು. ತಂತಿಯ ಗೂಡುಗಳಲ್ಲಿ ಒತ್ತೊತ್ತಾಗಿ ನಿಂತ ಬಿಳಿ ಕೋಳಿಗಳನ್ನು ನೋಡಿ ಬಂದ ಮೊದಲ ದಿನ ಅವಳು ಉಣ್ಣಲಿಲ್ಲ. "ರೆಕ್ಕಿ ಬಿಚ್ಚಾಕೂ ಜಾಗ ಇಲ್ಲವ್ವಾ ಅವಕ್ಕ," ಎಂದಳು.

ಶೆಡ್ಡಿನ ಹಿಕ್ಕೆಯೆಲ್ಲ ದಿಬ್ಬದ ಇಳಿಜಾರಿನಲ್ಲಿ ರಾಶಿ ಬೀಳುತ್ತಿತ್ತು. ನೊಣಗಳು ರೊಟ್ಟಿಯ ಮೇಲೆ ಕಪ್ಪಗೆ ಕೂರುತ್ತಿದ್ದವು. ಬಂದವರು ಕೂರಲಾರದೆ ಕೊಡ ಎತ್ತಿಕೊಂಡು ಹೊರಡತೊಡಗಿದರು. ಮಳೆಗಾಲದಲ್ಲಿ ರಾಶಿ ಕರಗಿ ಅಂಗಳಕ್ಕೆ ಹರಿಯಿತು. ಬಾವಿಯ ನೀರು ಹಳದಿ ತಿರುಗಿತು; ಹತ್ತಿರ ಬೇರೆ ಸಿಹಿನೀರಿಲ್ಲದೆ ಅದನ್ನೇ ಕುಡಿದರು. ಓಣಿಯಲ್ಲಿ ವಾಂತಿಭೇದಿ ಎದ್ದಿತು. ನನ್ನ ಗೆಳತಿ ಶಾಂತಿ ಹೋಗಿಬಿಟ್ಟಳು. ನೀರಿನಿಂದಲೇ ಬಂದದ್ದು ಎಂದರು ಮಾನ್ವಿಯಿಂದ ಬಂದ ಡಾಕ್ಟರು.

ಶಾಂತಿಯನ್ನು ಮಣ್ಣು ಮಾಡಿದ ಮರುದಿನ ಅತ್ತೆ ಸಾಹುಕಾರನ ಮುಂದೆ ನಿಂತಳು.

"ಆ ರಾಶಿ ಬ್ಯಾರೆ ಕಡೆ ಹಾಕಿಸ್ರೀ ಯಪ್ಪಾ. ಕೂಸು ಸತ್ತದ."

"ಕೋಳಿ ಸಾಕಿದ ಮ್ಯಾಲೆ ಹಿಕ್ಕಿ ಇರಂಗಿಲ್ಲೇನು? ನಿನ್ನ ಬಾವಿ ನೀ ಮುಚ್ಕೋ."

ಅತ್ತೆ ಕೆಲಸ ಬಿಟ್ಟು ಮನೆಗೆ ಬಂದಳು. ಹಗ್ಗ ಬಿಚ್ಚಿದಳು, ರಾಟೆಯ ಗಾಲಿ ಕಿತ್ತಳು, ಜಾಲಿಮುಳ್ಳು ಕಡಿದು ತಂದು ಬಾವಿಯ ಬಾಯಿಗೆ ಹೊದಿಸಿದಳು. ಅಂಗೈಯೆಲ್ಲ ರಕ್ತ. "ಅತ್ತಿ, ಬ್ಯಾಡ," ಎಂದು ನಾನು ಅಳತೊಡಗಿದೆ. "ಇನ್ನೊಂದು ಕೂಸು ಕುಡಿಬಾರದು," ಎಂದಳು, ನನ್ನ ಕಡೆ ನೋಡದೆ.

ಅಂದಿನಿಂದ ನಮ್ಮ ಅಂಗಳಕ್ಕೆ ಯಾರೂ ಬರಲಿಲ್ಲ. ಜಗಳವಿರಲಿಲ್ಲ, ಸಿಟ್ಟೂ ಇರಲಿಲ್ಲ. ಬರಲು ಕಾರಣವಿರಲಿಲ್ಲ, ಅಷ್ಟೆ. ನಾವಿಬ್ಬರೂ ದೂರದ ಕಾಲುವೆಯಿಂದ ನೀರು ಹೊರುತ್ತಿದ್ದೆವು. ಅತ್ತೆ ಹೊಸ್ತಿಲಲ್ಲಿ ಕೂತು ದಾರಿ ನೋಡುವಳು. ಯಾರಾದರೂ ಕಂಡರೆ ಏನೋ ಹೇಳಲು ಬಾಯಿ ತೆರೆಯುವಳು, ಅಷ್ಟರಲ್ಲಿ ಕೆಮ್ಮು ಬರುವುದು. ಶೆಡ್ಡಿನ ಧೂಳು ಅವಳ ಎದೆಯಲ್ಲಿ ಆಗಲೇ ಕೂತಿತ್ತು.

ಕೆಲವು ವರ್ಷಗಳ ಮೇಲೆ ಉಸಿರು ಪೂರ್ತಿ ಕಟ್ಟಿದಾಗ ರಾಯಚೂರಿನ ಆಸ್ಪತ್ರೆಗೆ ಸೇರಿಸಿದೆ. ಸಾಲು ಮಂಚಗಳ ದೊಡ್ಡ ವಾರ್ಡು. ಒಂದು ಮಧ್ಯಾಹ್ನ ಗಂಜಿ ಹಿಡಿದು ಬಾಗಿಲಿಗೆ ಬಂದರೆ ಅತ್ತೆ ತನ್ನ ಮಂಚದ ಅಂಚಿಗೆ ಬಂದು ಕೂತಿದ್ದ, ಪಕ್ಕದ ಮಂಚದ ದೇವದುರ್ಗದ ಮುದುಕಿಯ ಕಡೆ ಹೊರಳಿ, ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತ, ನಗುತ್ತ ಮಾತಾಡುತ್ತಿದ್ದಳು.

"ಕುಂದರ್ರಿ ಯವ್ವಾ," ಎಂದಳು ತನ್ನ ಮಂಚಕ್ಕೆ ಎದ್ದು ಹೊರಟ ಆಕೆಗೆ. "ಏನ್ ಅವಸರ?"

ಆಕೆ ಕೂತಳು. ಗಂಜಿ ಆರುತ್ತಿತ್ತು. ನಾನು ಒಳಗೆ ಹೋಗದೆ ಬಾಗಿಲಲ್ಲೇ ನಿಂತೆ.