ನಾಯಿ ಸತ್ತಾಗ ಅಪ್ಪನಿಗೆ ಬಂದ ಹಾರ

ನಾಯಿ ಸತ್ತ ದಿನ ಅಪ್ಪ ಅದನ್ನು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮಣ್ಣು ಮಾಡಿ, ಕೈಕಾಲು ತೊಳೆದುಕೊಂಡು ಬಂದು, "ನಾಯಿಗೆ ಯಾರಾದ್ರೂ ಅಳ್ತಾರೇನು" ಅಂದ. ಯಾರೂ ಅತ್ತಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಅಷ್ಟು ಹೇಳಿ ಮುಚ್ಚಿದ ಬಾಯನ್ನು ಆಮೇಲೆ ಮಾತಿಗೂ ತೆರೆಯಲಿಲ್ಲ, ಊಟಕ್ಕೂ ತೆರೆಯಲಿಲ್ಲ. ತಟ್ಟೆಗೆ ರೊಟ್ಟಿ ಬಿದ್ದರೆ ಒಂದು ಚೂರು ಮುರಿದು ಅಭ್ಯಾಸದಂತೆ ಬಾಗಿಲ ಕಡೆ ಎಸೆಯುತ್ತಿದ್ದ. ಅಲ್ಲಿ ತಿನ್ನುವವರಿಲ್ಲ ಎಂದು ನೆನಪಾಗಿ ತಟ್ಟೆ ಸರಿಸಿ ಏಳುತ್ತಿದ್ದ. ಹೀಗೇ ಬಿಟ್ಟರೆ ನಾಯಿಯ ಹಿಂದೆಯೇ ಇವನೂ ಹೊರಡುತ್ತಾನೆ ಎಂದು ನನಗೆ ನಿಜವಾಗಿ ಭಯವಾಯಿತು.

ನಮ್ಮ ನ್ಯಾಮತಿಯಲ್ಲಿ ಸರ್ಕಲ್ಲಿಗೆ ಫ್ಲೆಕ್ಸ್ ಕಟ್ಟಿಸದಿದ್ದರೆ ಸತ್ತವರು ಸತ್ತ ಲೆಕ್ಕವೇ ಅಲ್ಲ. ಬದುಕಿದ್ದಾಗ ಒಂದು ಲೋಟ ನೀರು ಕೊಡದವರೂ ಕಟ್ಟಿಸುತ್ತಾರೆ. ನಾಯಿಗೂ ಒಂದು ಕಟ್ಟಿಸಿದರೆ ಅಪ್ಪನ ಮನಸ್ಸು ಹಗುರಾದೀತು ಎಂಬ ಘನಬುದ್ಧಿ ನನಗೆ ಹೊಳೆಯಿತು. ನಾಯಿಯ ಫೋಟೋ ಅಂತ ಇದ್ದದ್ದು ಒಂದೇ: ಜಗುಲಿಯ ಮೇಲೆ ಅಪ್ಪ, ಪಕ್ಕದಲ್ಲಿ ಅದು. ಅದನ್ನೇ ಚನ್ನಗಿರಿಯ ಒಂದು ಫ್ಲೆಕ್ಸ್ ಅಂಗಡಿಗೆ ವಾಟ್ಸಾಪ್ ಮಾಡಿ, "ಶ್ರದ್ಧಾಂಜಲಿ, ಅರ್ಜೆಂಟ್" ಎಂದು ಬರೆದೆ. ಸತ್ತದ್ದು ಯಾರು ಎಂದು ಹೇಳಬೇಕೆಂದು ನನಗೆ ತೋಚಲಿಲ್ಲ. ಕೇಳಬೇಕೆಂದು ಅಂಗಡಿಯವನಿಗೂ ತೋಚಲಿಲ್ಲ.

ಫ್ಲೆಕ್ಸಿನ ಸುರುಳಿ ಬಸ್ಸಿನಲ್ಲಿ ಬಂತು. ನಾನು ಹೊನ್ನಾಳಿಯಲ್ಲಿ ಕೆಲಸದಲ್ಲಿದ್ದೆ. ಆಟೋ ಸ್ಟ್ಯಾಂಡಿನವರೇ ಇಳಿಸಿಕೊಂಡು ಬಿಡಿಸಿ ಕಟ್ಟಿದರು. ಎರಡೂ ಕಡೆ ದೀಪ, ಮೇಲೆ ಪಾರಿವಾಳ, ನಡುವೆ ನಮ್ಮಪ್ಪ. 'ಮತ್ತೆ ಹುಟ್ಟಿ ಬನ್ನಿ' ಎಂಬ ಸಾಲು. ಕೆಳಗೆ, ದುಃಖತಪ್ತ ಕುಟುಂಬದವರ ಫೋಟೋ ಹಾಕುವ ಜಾಗದಲ್ಲಿ, ನಾಯಿ. ಆಟೋದವರು ಅಪ್ಪನನ್ನು ದಿನಾ ಕಾಣುವವರೇ. ಆದರೆ ಅವನು ಮನೆಯಿಂದ ಹೊರಬೀಳದೆ ಕೆಲವು ದಿನವಾಗಿತ್ತು, ಮೇಲಾಗಿ ಪ್ರಿಂಟೇ ಆಗಿ ಬಂದ ಮೇಲೆ ಸುಳ್ಳಿರುತ್ತದೆಯೇ?

ಸಂಜೆ ನಾನು ಬರುವ ಹೊತ್ತಿಗೆ ಮನೆ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಅಪ್ಪ ಕುರ್ಚಿಯಲ್ಲಿ ಕೂತಿದ್ದ. ಅವನ ಸಾವಿಗೆ ಮಾತಾಡಿಸಲು ಬಂದವರು ಸುತ್ತ ಚಾಪೆಯ ಮೇಲೆ ಕೂತು, ಬಂದ ತಪ್ಪಿಗೆ ಚಹಾ ಕುಡಿಯುತ್ತಿದ್ದರು. ಅವ್ವ ನನ್ನನ್ನು ಅಡುಗೆಮನೆಗೆ ಎಳೆದಳು.

"ಬೆಳಗ್ಗಿಂದ ಬಂದೋರೆಲ್ಲ ನನ್ನ ಹಣೆ ನೋಡ್ತಾರೆ ಕಣೋ. ಒಬ್ಬಾಕಿ ಕುಂಕುಮ ಯಾಕೆ ಇನ್ನೂ ಐತೆ ಅಂದ್ಲು. ನಮ್ಮನೆಯೋರು ಒಳಗೆ ಕುಂತಾರೆ ಕಣೇ ಅಂದ್ರೆ, ಪಾಪ, ದುಃಖಕ್ಕೆ ತಲೆ ಕೆಟ್ಟೈತೆ ಅಂದ್ಲು!"

ಹೊರಗಿನ ಕೋಣೆಯಿಂದ ಅಪ್ಪನ ದನಿ ಕೇಳಿತು. ಎಷ್ಟೋ ದಿನದ ಮೇಲಿನ ಮೊದಲ ಮಾತು. "ಫೋಟೋ ಚೆನ್ನಾಗಿ ಬಂದೈತಂತಲ್ಲ?"

ಬಂದೈತೆ ಎಂದು ಎಲ್ಲರೂ ಒಪ್ಪಿದರು.

ಅಷ್ಟರಲ್ಲಿ ಬೀದಿಯ ತುದಿಯಿಂದ "ನನ್ನ ತಮ್ಮಾ" ಎಂಬ ಗೋಳು ಎದ್ದಿತು. ಜಗಳೂರಿನ ಅತ್ತೆ, ಅಪ್ಪನ ಅಕ್ಕ. ಫ್ಲೆಕ್ಸಿನ ಫೋಟೋ ಯಾರದೋ ಮೊಬೈಲಿನಿಂದ ಅಲ್ಲಿಗೂ ಮುಟ್ಟಿತ್ತು. ಕೈಯಲ್ಲಿ ಸೇವಂತಿಗೆ ಹಾರ ಹಿಡಿದು, ತಲೆ ಕೆದರಿಕೊಂಡು ಒಳಗೆ ಬಂದಳು. ಅಪ್ಪ ಎದ್ದು ನಿಂತು, "ಯಾಕಕ್ಕ, ಏನಾತು?" ಅಂದ.

ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಅದೇ ಹಾರದಿಂದ ಬೆನ್ನಿಗೆ ಬಾರಿಸಿದಳು. "ಬದುಕಿದೀಯೇನೋ ಮೂಳ! ಜಗಳೂರಿಂದ ಬಸ್ಸಿನಾಗೆ ಅತ್ಕಂತ ಬಂದೀನಲ್ಲೋ! ಮತ್ತೆ ಸತ್ತಿದ್ದು ಯಾರು?"

ಚಾಪೆಯ ಮೇಲಿದ್ದವರೆಲ್ಲ ನನ್ನ ಮುಖ ನೋಡಿದರು. ಅವರಿಗೂ ಅದು ಗೊತ್ತಿರಲಿಲ್ಲ. "ನಾಯಿ, ಅತ್ತೆ" ಅಂದೆ.

ಅತ್ತೆ ಹಾರವನ್ನು ಮಡಿಲಲ್ಲಿ ಇಟ್ಟುಕೊಂಡು ಚಾಪೆಯ ತುದಿಗೆ ಕೂತಳು. "ನಮ್ಮ ಕುರಿ ಹಟ್ಟಿಯಿಂದ ಕಂಬಳ್ಯಾಗೆ ಸುತ್ತಿ ಕೊಟ್ಟಿದ್ನಲ್ಲ, ಅದಾ?"

"ಹೂಂ, ಅದೇ" ಅಂದೆ.

ಅಪ್ಪನ ಕಡೆ ತಿರುಗಿ ಕೇಳಿದಳು. "ನೀನು ಅತ್ತೇನೋ?"

"ನಾಯಿಗೆ ಯಾರಾದ್ರೂ ಅಳ್ತಾರೇನಕ್ಕ?"

"ನಾನು ದಾರಿಯುದ್ದಕ್ಕೂ ನಿನಗೆ ಅಂತ ಅತ್ತೀನಲ್ಲ, ಆ ಅಳುವಷ್ಟೂ ನಾಯಿಗೇ ಇರ್ಲಿ ಬಿಡು. ನೀನಂತೂ ಸತ್ತಿಲ್ಲ, ಅದನ್ನ ಇಟ್ಕಂಡು ಏನ್ ಮಾಡ್ತೀಯಾ. ಈಗ ನೀನೂ ಒಂದೀಟು ಅಳು."

ಅಪ್ಪ ಅತ್ತ. ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು, ಮೈಯೆಲ್ಲ ಅಲುಗಿಸಿ ಅತ್ತ. ಬಂದವರಿಗೂ ಬಂದದ್ದು ಸಾರ್ಥಕವಾಯಿತು. ಕುಂಕುಮದ ಬಗ್ಗೆ ಕೇಳಿದಾಕೆಯೇ ಎಲ್ಲರಿಗಿಂತ ಜೋರಾಗಿ ಅತ್ತಳು. ನನಗೆ ನಗು ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು. ಹಾರದಲ್ಲಿ ಉಳಿದಿದ್ದ ಹೂಗಳನ್ನು ಅಪ್ಪ ಹಿತ್ತಲಿಗೆ ಒಯ್ದು ಕಲ್ಲಿನ ಪಕ್ಕ ಇಟ್ಟು ಬಂದ. ರಾತ್ರಿ ಎರಡು ರೊಟ್ಟಿ ತಿಂದ.

ಮರುದಿನ ಫ್ಲೆಕ್ಸ್ ಬಿಚ್ಚಿ ತಂದೆ. ಬದುಕಿರುವವರಿಗೆ ಕಟ್ಟಿದ್ದು ಅಪಶಕುನ, ಸುಟ್ಟು ಹಾಕು ಎಂದು ಅವ್ವ ಹಟ ಹಿಡಿದಳು. ಅಪ್ಪ ಅದನ್ನು ನನ್ನ ಕೈಯಿಂದ ಕಸಿದುಕೊಂಡು ಹೋಗಿ, ಒಗೆಯುವ ಕಲ್ಲಿನ ಪಕ್ಕ, ನಾಯಿ ಮಲಗಿದ ಮಣ್ಣಿನ ಸುತ್ತ ನಾಲ್ಕು ಗೂಟ ನೆಟ್ಟು ಚಪ್ಪರದಂತೆ ಕಟ್ಟಿದ. ಮೇಲಿನಿಂದ ನೋಡಿದರೆ ಬರೀ ಬಿಳಿ. ದೀಪ, ಪಾರಿವಾಳ, ತಾನು, ನಾಯಿ ಎಲ್ಲವೂ ಕೆಳಗಡೆ, ಮಣ್ಣಿನ ಕಡೆ.

"ಫೋಟೋ ಕೆಳಗೆ ಮಾಡಿ ಕಟ್ಟಿದೀಯಲ್ಲಪ್ಪ, ಯಾರಿಗೆ ಕಾಣ್ತೈತೆ?" ಅಂದೆ.

ಅಪ್ಪ ಹಗ್ಗದ ಗಂಟು ಬಿಗಿಯುತ್ತಲೇ ಹೇಳಿದ. "ಕಾಣಬೇಕಾದೋರಿಗೆ ಕಾಣ್ತೈತೆ, ಸುಮ್ನಿರು."