ಚೂರಿ ಅಕ್ಕನ ರೆಪ್ಪೆಗೂದಲು

ಪ್ರಯೋಗಾಲಯದಲ್ಲಿ ಅವಳಿಗೆ ಚೂರಿ ಅಕ್ಕ ಎಂದೇ ಹೆಸರು. ಹೊಸಬರು ಹೆಸರು ಕೇಳಿಯೇ ಹಿಂದೆ ಸರಿಯುತ್ತಿದ್ದರು. ನೋಡಿದರೆ ಇರುವೆಯನ್ನೂ ಮೆಲ್ಲಗೆ ಊದಿ ಪಕ್ಕಕ್ಕೆ ಕಳಿಸುವ ಹೆಂಗಸು. ಚೂರಿ ಎಂದರೆ ಗಾಜಿನದು. ದಪ್ಪ ಗಾಜಿನ ಪಟ್ಟಿಯನ್ನು ಮುರಿದು ಅಂಚು ಮಾಡಿಕೊಂಡು, ಗಟ್ಟಿ ರಾಳದೊಳಗೆ ಕೂರಿಸಿದ ಬ್ಯಾಕ್ಟೀರಿಯಾಗಳನ್ನು ಯಂತ್ರಕ್ಕಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಲೆಂದು ಅವಳು ಹೋಳು ಮಾಡುತ್ತಿದ್ದಳು. ಕಣ್ಣಿಗೇ ಕಾಣದ ಜೀವಿಯನ್ನು ಹೋಳು ಮಾಡುವುದು ಹುಡುಗಾಟವಲ್ಲ. ಹೋಳುಗಳು ಚೂರಿಯ ಹಿಂದಿನ ಪುಟ್ಟ ತೊಟ್ಟಿಯ ನೀರಿನ ಮೇಲೆ ಬಂದು ತೇಲುತ್ತವೆ. ಉಸಿರು ತಾಗಿದರೂ ಮುದುರುತ್ತವೆ. ಬೆರಳು, ಸೂಜಿ ಯಾವುದೂ ಅಲ್ಲಿ ನಡೆಯುವುದಿಲ್ಲ. ಕಡ್ಡಿಯೊಂದರ ತುದಿಗೆ ಕಣ್ಣಿನ ರೆಪ್ಪೆಗೂದಲನ್ನು ಅಂಟಿಸಿಕೊಂಡು, ಅದರಿಂದಲೇ ದೂಡಿ ದೂಡಿ ಎತ್ತಿಕೊಳ್ಳಬೇಕು. ಈ ಕೆಲಸದವರೆಲ್ಲ ಮಾಡುವುದೇ ಹೀಗೆ.

ಎಲ್ಲರ ಕಡ್ಡಿಯಲ್ಲಿ ಅವರವರದೇ ಕೂದಲು. ಚೂರಿ ಅಕ್ಕನ ಕಡ್ಡಿಯಲ್ಲಿದ್ದದ್ದು ಮಾತ್ರ ಅವಳ ಮಗಳದು.

ಒಂದು ದಿನ ಸ್ನಾನ ಮಾಡಿಸುವಾಗ ಅದು ಮಗಳ ಕೆನ್ನೆಯ ಮೇಲೆ ಉದುರಿತ್ತು. ಅಪ್ಪನದೇ ಅಚ್ಚು ಆ ರೆಪ್ಪೆ: ಉದ್ದ, ತುದಿಯಲ್ಲಿ ಕೊಂಚ ಬಾಗು. "ಇದನ್ನ ನಿನ್ ಕೆಲಸಕ್ಕೆ ತಗೊಂಡು ಹೋಗಮ್ಮ, ನಾನೂ ಕೆಲಸ ಮಾಡಿದ ಹಾಗಾಗುತ್ತೆ" ಎಂದಳು ಪುಟ್ಟಿ, ದೊಡ್ಡವರ ಹಾಗೆ. ಅಮ್ಮ ನಕ್ಕು, ಮಗಳದೇ ಗುಲಾಬಿ ಉಗುರುಬಣ್ಣದ ಒಂದು ಹನಿಯಲ್ಲಿ ಅದನ್ನು ಕಡ್ಡಿಗೆ ಅಂಟಿಸಿದಳು. ಅದೇ ವರ್ಷ ಬಂದ ಜ್ವರ ಪುಟ್ಟಿಯನ್ನು ಉಳಿಸಲಿಲ್ಲ.

ಆಮೇಲೆ ಮನೆಯಲ್ಲಿ ಯಾರೂ ಆ ಹೆಸರೆತ್ತಲಿಲ್ಲ. ತಾನು ಬಾಯಿ ಬಿಟ್ಟರೆ ಅವನು ಕುಸಿದಾನೆಂದು ಇವಳು, ಇವಳು ಕುಸಿದಾಳೆಂದು ಬಸ್ಸು ಓಡಿಸುವ ಆ ಗಂಡ. ಇಬ್ಬರೂ ತುಟಿ ಪಿಟಕ್ಕೆನ್ನದೆ ಸಂಸಾರ ನಡೆಸಿದರು. ಪುಟ್ಟಿಯ ಬಟ್ಟೆಬರೆಗಳನ್ನೆಲ್ಲ ನೆಂಟರು ಕಟ್ಟಿಕೊಂಡು ಹೋಗಿದ್ದರು, ಒಳ್ಳೆಯದಕ್ಕೇ ಅಂತ. ಉಳಿದದ್ದು ಆ ಒಂದು ಕೂದಲು. ಅದರ ವಿಷಯ ಗಂಡನಿಗೂ ಗೊತ್ತಿರಲಿಲ್ಲ.

ಪ್ರಯೋಗಾಲಯಕ್ಕೆ ಹೊಸದಾಗಿ ಬಂದ ಸಂಶೋಧಕಿಗೆ ಗಡಿಬಿಡಿ ಎಂದು ಹೆಸರಿಟ್ಟವಳು ಚೂರಿ ಅಕ್ಕನೇ. ಕೈಯಲ್ಲಿ ಲೋಟ ಹಿಡಿದುಕೊಂಡೇ ಲೋಟ ಹುಡುಕುವ ಹುಡುಗಿ. ಮನಸ್ಸು ಮಾತ್ರ ಬೆಣ್ಣೆ. ಬ್ಯಾಕ್ಟೀರಿಯಾದ ಹೊಟ್ಟೆಯೊಳಗಿನ ಕೋಣೆಗಳು ಅವಳ ವಿಷಯ.

"ನೋಡಿ ಅಕ್ಕಾ, ಈ ಮೂಲೆ ಮೂಲೆಯಾಗಿ ಕಾಣ್ತಿವೆಯಲ್ಲ, ಇವೇ ಆ ಕೋಣೆಗಳು," ಎಂದು ಚಿತ್ರ ತೋರಿಸಿದಳು. "ಸುತ್ತ ಪ್ರೋಟೀನ್ ಚಿಪ್ಪು. ಇದು ತಿನ್ನೋ ಆಹಾರ ಅರಗೋವಾಗ ನಡುವೆ ಒಂದು ವಿಷ ಹುಟ್ಟುತ್ತೆ. ಅದು ಹೊರಗೆ ಹರಡದ ಹಾಗೆ ಚಿಪ್ಪು ತಡೆಯುತ್ತೆ. ಒಳಗೇ ಅದು ಬೇರೆ ವಸ್ತುವಾಗಿ ಬದಲಾಗಿ, ಕೆಲಸಕ್ಕೂ ಬರುತ್ತೆ."

"ಚಿಪ್ಪೇ ಇಲ್ಲದಿದ್ರೆ?"

"ಅಂಥ ತಳೀನೂ ಇದೆ. ವಿಷ ಮೈಯೆಲ್ಲಾ ಹರಡಿ ಬೆಳೆಯೋದೇ ನಿಂತುಹೋಗುತ್ತೆ."

"ಸಾಯುತ್ತಾ?"

"ಇಲ್ಲ ಅಕ್ಕಾ. ಸ್ವಲ್ಪ ಕಾಲ ಹಾಗೇ ಇದ್ದು, ಮತ್ತೆ ಬೆಳೆಯೋಕೆ ಶುರು ಮಾಡುತ್ತೆ. ಅದರ ಹೋಳೇ ನಂಗೆ ಬೇಕಿರೋದು, ನೀವೇ ಮಾಡಿಕೊಡ್ಬೇಕು."

ಮರುದಿನ ಚೂರಿ ಅಕ್ಕ ಬರುವಷ್ಟರಲ್ಲಿ ಮೇಜು ಫಳಫಳ ಹೊಳೆಯುತ್ತಿತ್ತು. ಅಕ್ಕನಿಗೆ ಸಹಾಯವಾಗಲೆಂದು ಗಡಿಬಿಡಿ ಬೇಗ ಬಂದು ಎಲ್ಲ ಒರೆಸಿಟ್ಟಿದ್ದಳು. "ನಿಮ್ಮ ಕಡ್ಡಿಗೆ ರಾಳ ಮೆತ್ತಿತ್ತು ಅಕ್ಕಾ, ಅಸಿಟೋನಲ್ಲಿ ಅದ್ದಿ ತೊಳೆದೆ."

ಚೂರಿ ಅಕ್ಕ ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಉಗುರುಬಣ್ಣ ಅಸಿಟೋನಿನಲ್ಲಿ ಕರಗುತ್ತದೆ. ಕಡ್ಡಿ ಬೋಳಾಗಿತ್ತು. ತೊಳೆದ ಅಸಿಟೋನು ಆಗಲೇ ಎಲ್ಲರ ಕೊಳೆ ಬಿದ್ದ ದೊಡ್ಡ ಡಬ್ಬಿ ಸೇರಿತ್ತು.

ಗಡಿಬಿಡಿ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ ಅಕ್ಕಾ, ನಂದೇ ಒಂದು ಕಿತ್ತು ಅಂಟಿಸಿಕೊಡ್ತೀನಿ, ಅದಕ್ಕೇನಂತೆ!"

ಅದಕ್ಕೇನಂತೆ! ಆ ಹುಡುಗಿಯ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಯಾರಿಗೂ ಹೇಳದೆ ಮುಚ್ಚಿಟ್ಟವಳು ತಾನೇ. ತಲೆನೋವೆಂದು ಹೇಳಿ ಅವಳು ಮನೆಗೆ ನಡೆದಳು.

ಸಂಜೆ ಗಂಡ ಕೆಲಸ ಮುಗಿಸಿ ಬಂದು ಕೈ ತೊಳೆಯುತ್ತಿದ್ದ. ಇನ್ನು ತಡೆಯಲಾಗಲಿಲ್ಲ. "ರೀ, ಪುಟ್ಟಿಯ ರೆಪ್ಪೆಗೂದಲು ಒಂದು ನನ್ನ ಹತ್ರ ಇತ್ತು. ಕೆಲಸದಲ್ಲಿ ಇಟ್ಕೊಂಡಿದ್ದೆ. ಇವತ್ತು ಹೋಯ್ತು."

ನಲ್ಲಿಯ ನೀರು ಸುರಿಯುತ್ತಲೇ ಇತ್ತು. "ಇಷ್ಟು ವರ್ಷ ನಿನ್ ಹತ್ರ ಇತ್ತು. ನಂಗೊಂದು ಸಲ ತೋರಿಸ್ಬೇಕು ಅನ್ನಿಸ್ಲಿಲ್ವಾ?" ಎಂದ. ಊಟ ಮಾಡದೆ ಎದ್ದು ಹೋದ.

ಆಮೇಲಿನ ದಿನಗಳು ಮನೆಗೆ ಗರ ಬಡಿದಂತಿದ್ದವು. ಅವನು ಮಾತಾಡಲಿಲ್ಲ. ಅವಳು ಕೆಲಸಕ್ಕೆ ಹೋದರೂ ಯಂತ್ರ ಮುಟ್ಟಲಿಲ್ಲ. ಇನ್ನು ಈ ಕೆಲಸ ತನ್ನಿಂದಾಗದು ಎಂದೇ ಅನ್ನಿಸಿತ್ತು. ಚಿಪ್ಪಿಲ್ಲದ ತಳಿಯನ್ನು ಕೂರಿಸಿದ ರಾಳದ ತುಂಡು ಪುಟ್ಟ ಪೆಟ್ಟಿಗೆಯಲ್ಲಿ ಕಾಯುತ್ತಿತ್ತು. ಗಡಿಬಿಡಿ ಪಾಪ, ಕೇಳಲೂ ಧೈರ್ಯ ಸಾಲದೆ ಸುಳಿದಾಡುತ್ತಿದ್ದಳು.

ಒಂದು ಬೆಳಿಗ್ಗೆ ಗಂಡ ಕನ್ನಡಿಯ ಮುಂದಿನಿಂದ ಕರೆದ. "ಬಾ ಇಲ್ಲಿ." ಕಣ್ಣು ಕೆಂಪಾಗಿತ್ತು, ನಿದ್ದೆ ಇರಲಿಲ್ಲವೇನೋ. ಮುಖವನ್ನು ಅವಳ ಕಡೆ ಬಗ್ಗಿಸಿದ. "ಪುಟ್ಟಿ ರೆಪ್ಪೆ ನನ್ನ ಥರಾನೇ ಅಂತಿದ್ರಲ್ಲ ಎಲ್ಲರೂ. ಕಿತ್ಕೋ."

ಕಿತ್ತದ್ದು ಒಂದೇ ಕೂದಲು, ಅತ್ತದ್ದು ಮಾತ್ರ ಇಬ್ಬರೂ, ಇಷ್ಟು ವರ್ಷಗಳದ್ದೆಲ್ಲ ಸೇರಿಸಿ. ಅವತ್ತು ಅವನ ಬಸ್ಸು ತಡವಾಗಿ ಹೊರಟಿತು.

ಪ್ರಯೋಗಾಲಯದಲ್ಲಿ ಚೂರಿ ಅಕ್ಕ ಹೊಸ ಕಡ್ಡಿ ಹಿಡಿದು ಯಂತ್ರದ ಮುಂದೆ ಕೂತಾಗ ಗಡಿಬಿಡಿಗೆ ಹೋದ ಜೀವ ಬಂದಂತಾಯಿತು. ಮೊದಲ ಹೋಳು ನೀರಿನ ಮೇಲೆ ತೇಲಿ ಬಂತು. ಕೂದಲ ತುದಿ ಅದೇ ಹಳೆಯ ಬಾಗಿನಲ್ಲಿ ಹೋಳನ್ನು ಮುಟ್ಟಿ ಮುಂದೆ ದೂಡಿತು.

"ಎಷ್ಟು ಚೆನ್ನಾಗಿದೆ! ಯಾರದು ಅಕ್ಕಾ ಈ ಕೂದಲು?"

"ನನ್ನ ಮಗಳ ಅಪ್ಪಂದು."

"ನಿಮಗೆ ಮಗಳಿದಾಳಾ?"

"ಇದ್ದಳು. ಕೂತ್ಕೋ, ಹೇಳ್ತೀನಿ." ಚೂರಿ ಅಕ್ಕ ನೀರಿನಿಂದ ಕಣ್ಣು ತೆಗೆಯಲಿಲ್ಲ. "ಅಳು ಬಂದ್ರೆ ಮುಖ ಆ ಕಡೆ ತಿರುಗಿಸ್ಕೋ. ಹೋಳು ಮುದುರುತ್ತೆ."